ಐದನೆಯ ಇಯತ್ತೆಯ ಲೆಕ್ಕ

(ಭೋಸರಿಯ ಕನ್ನಡ ಜೈನ ಪಾಲಕರ ಸಭೆಯಲ್ಲಿ ಓದಿದ ಉಪನ್ಯಾಸ)

ಯುಗಾದಿ ಕಳೆದು ಮಹಾವೀರ ಜಯಂತಿಯ ಸಂಭ್ರಮ ಮುಗಿಯುವ ಹೊತ್ತಿಗೆ ಭೋಸರಿಯ ಕನ್ನಡ ಮನೆಗಳಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ: ನಾಲ್ಕನೆಯ ಇಯತ್ತೆ ಮುಗಿಸಿದ ಮಗುವನ್ನು ಐದನೆಯದಕ್ಕೆ ಎಲ್ಲಿ ಸೇರಿಸಬೇಕು? ಮಹಾರಾಷ್ಟ್ರದ ಹಳೆಯ ಪದ್ಧತಿಯಲ್ಲಿ ಪ್ರಾಥಮಿಕ ಶಾಲೆ ನಾಲ್ಕಕ್ಕೆ ಮುಗಿದು ಐದರಿಂದ ಹೈಸ್ಕೂಲು ಆರಂಭವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಒಂದರಿಂದ ಐದು, ಆರರಿಂದ ಎಂಟು ಎಂಬ ವಿಂಗಡಣೆ ಬಂದಿತಾದರೂ ಅನೇಕ ಶಾಲೆಗಳಲ್ಲಿ ಹಳೆಯ ಬಾಗಿಲೇ ಉಳಿದಿದೆ. ಆದ್ದರಿಂದ ಹತ್ತು ವರ್ಷದ ಮಗುವಿಗಾಗಿ ಮಾಡುವ ಆಯ್ಕೆ ಅದರ ಹದಿನಾರನೆಯ ವಯಸ್ಸಿನವರೆಗೂ ಬೆನ್ನಿಗೆ ಬರುತ್ತದೆ.

ಈ ಪ್ರಶ್ನೆಗೆ ಭಯವನ್ನು ಬೆರೆಸಿರುವುದು ಹನ್ನೊಂದನೆಯ ಇಯತ್ತೆಯ ಪ್ರವೇಶ. ಹತ್ತನೆಯ ಫಲಿತಾಂಶ ಬಂದ ಮರುವಾರದಿಂದ ಗುಣಾನುಕ್ರಮ ಪಟ್ಟಿ, ಕಟ್ ಆಫ್, ಮೊದಲ ಸುತ್ತು, ಎರಡನೆಯ ಸುತ್ತು ಎಂಬ ಮಾತುಗಳು ಪುಣೆ ಪಟ್ಟಣವನ್ನೆಲ್ಲ ಆವರಿಸುತ್ತವೆ. ಅದನ್ನು ಕಂಡ ಪಾಲಕರು, ಆರು ವರ್ಷದ ಆಚೆಗಿರುವ ಆ ಪಟ್ಟಿಯಿಂದ ಹಿಂದಕ್ಕೆ ಎಣಿಸುತ್ತ ಬಂದು, ಇಂದಿನ ಶಾಲೆಯನ್ನು ನಿರ್ಧರಿಸುತ್ತಾರೆ. ಈ ಹಿಮ್ಮುಖ ಎಣಿಕೆಯಲ್ಲಿ ಎಲ್ಲಿ ತಪ್ಪು ನುಸುಳುತ್ತದೆ, ಸರಿಯಾದ ಲೆಕ್ಕ ಹೇಗಿರಬೇಕು, ಅದರಲ್ಲಿ ಸಮಾಜದ ಪಾಲು ಎಷ್ಟು ಎಂಬುದೇ ಈ ಉಪನ್ಯಾಸದ ವಿಷಯ.

ವಿಷಯವನ್ನು ಒಂದು ಮನೆಯ ಮೂಲಕ ನೋಡುವುದು ಸುಲಭ. ಇದು ಯಾವುದೋ ಒಂದೇ ಮನೆಯಲ್ಲ. ಇಲ್ಲಿ ನೆರೆದಿರುವ ಹಲವು ಮನೆಗಳನ್ನು ಕೂಡಿಸಿದರೆ ಆಗುವ ಮನೆ. ತಂದೆ ಅಥಣಿ ತಾಲ್ಲೂಕಿನಿಂದ ಬಂದವರು. ಎಂಐಡಿಸಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತಾರೆ. ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಮಗಳು ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ನಾಲ್ಕನೆಯದನ್ನು ಮುಗಿಸಿದ್ದಾಳೆ. ಹತ್ತು ತುಂಬಲು ಇನ್ನೆರಡು ತಿಂಗಳಿದೆ. ಮಗ ಎರಡನೆಯ ಇಯತ್ತೆಯಲ್ಲಿದ್ದಾನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಮರಾಠಿ ಮತ್ತು ಹಿಂದಿ.

ಆ ತಂದೆಯ ಮುಂದೆ ಐದು ದಾರಿಗಳಿವೆ. ಒಂದು, ಈಗಿನ ಪಾಲಿಕೆ ಶಾಲೆಯಲ್ಲೇ ಮುಂದುವರಿಸುವುದು. ಎರಡು, ಹತ್ತಿರದ ಅನುದಾನಿತ ಹೈಸ್ಕೂಲಿನ ಸೆಮಿ-ಇಂಗ್ಲಿಷ್ ವರ್ಗ. ಅಲ್ಲಿ ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದ ವಿಷಯಗಳು ಮರಾಠಿಯಲ್ಲಿ. ಮೂರು, ಶುಲ್ಕ ಕೊಟ್ಟು ಸೇರಿಸುವ ಖಾಸಗಿ ಇಂಗ್ಲಿಷ್ ಶಾಲೆ. ನಾಲ್ಕು, ಜವಾಹರ ನವೋದಯ ವಿದ್ಯಾಲಯದ ಪರೀಕ್ಷೆ. ಐದು, ಮಗಳನ್ನು ಊರಿನ ಅಜ್ಜಿಯ ಬಳಿ ಬಿಟ್ಟು ಕನ್ನಡ ಶಾಲೆಗೆ ಹಾಕುವುದು.

ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳುವ ಮಾತು ಒಂದೇ: "ಹೆಣ್ಣ ಹುಡುಗಿಗೆ ಹತ್ತರದ ಸಾಲಿ ಸಾಕಲ್ಲೋ ತಮ್ಮಾ. ರೊಕ್ಕ ಮೊಮ್ಮಗಗ ಇಟಗೋ." ತಂದೆ ಇದಕ್ಕೆ ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಈ ಮೌನವನ್ನು ನೆನಪಿನಲ್ಲಿಡಬೇಕು. ಉಪನ್ಯಾಸದ ಕೊನೆಯಲ್ಲಿ ಅದರ ಬಳಿಗೆ ಮರಳಬೇಕಾಗಿದೆ.

ಮೊದಲು ಭಯದ ಮೂಲವನ್ನು ಪರೀಕ್ಷಿಸುವುದು ಒಳ್ಳೆಯದು. ಪುಣೆ ಮತ್ತು ಪಿಂಪರಿ-ಚಿಂಚವಡದಲ್ಲಿ ಹನ್ನೊಂದನೆಯ ಪ್ರವೇಶವು ಬಹುಕಾಲದಿಂದ ಕೇಂದ್ರೀಕೃತ ಆನ್‌ಲೈನ್ ಪದ್ಧತಿಯಲ್ಲಿ ನಡೆಯುತ್ತಿದೆ. 2025-26ರಿಂದ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅಲ್ಲಿ ಎಣಿಕೆಗೆ ಬರುವುದು ಹತ್ತನೆಯ ಇಯತ್ತೆಯ ಅಂಕಗಳು ಮಾತ್ರ. ರಾಜ್ಯ ಮಂಡಳಿಯ ವಿದ್ಯಾರ್ಥಿಗೆ ಅತ್ಯುತ್ತಮ ಐದು ವಿಷಯಗಳ ಅಂಕ. ಐದರಿಂದ ಎಂಟರವರೆಗೆ ಮಗು ಯಾವ ಶಾಲೆಯಲ್ಲಿತ್ತು, ಯಾವ ಸ್ಥಾನ ಪಡೆದಿತ್ತು ಎಂಬುದನ್ನು ಆ ಗಣಕಯಂತ್ರ ಕೇಳುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿನ ಶೇಕಡಾ 88ಕ್ಕೂ ಮರಾಠಿ ಮಾಧ್ಯಮದ ಮಗುವಿನ ಶೇಕಡಾ 88ಕ್ಕೂ ಅದರ ಮುಂದೆ ವ್ಯತ್ಯಾಸವಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಪುಣೆ ವಿಭಾಗದಲ್ಲಿ ಹನ್ನೊಂದನೆಯ ಸ್ಥಾನಗಳ ಕೊರತೆಯಿಲ್ಲ. ಎಲ್ಲ ಸುತ್ತುಗಳು ಮುಗಿದ ಮೇಲೂ ಪ್ರತಿವರ್ಷ ಸಾವಿರಾರು ಸ್ಥಾನಗಳು ಖಾಲಿ ಉಳಿಯುತ್ತವೆ. ಸ್ಪರ್ಧೆ ನಡೆಯುವುದು ಬೆರಳೆಣಿಕೆಯ ಹೆಸರುಗಳಿಗೆ: 1885ರ ಫರ್ಗ್ಯುಸನ್, 1916ರ ಎಸ್.ಪಿ., 1943ರ ಬಿಎಂಸಿಸಿ ಮುಂತಾದವು. ಅವು ಒಳ್ಳೆಯ ಸಂಸ್ಥೆಗಳೇ. ಆದರೆ ಭೋಸರಿಯ ಮಗು ಅಲ್ಲಿಗೆ ನಿತ್ಯ ಹೋಗಿ ಬರುವುದನ್ನೂ ಎಣಿಸಬೇಕು. ಮೆಟ್ರೋ ಬಂದಿದೆ, ನಿಜ; ಅದರ ಒಂದು ನಿಲ್ದಾಣಕ್ಕೆ ಭೋಸರಿಯ ಹೆಸರೂ ಇದೆ. ಆದರೆ ಆ ನಿಲ್ದಾಣವಿರುವುದು ನಾಶಿಕ ಫಾಟಾದಲ್ಲಿ. ಲಾಂಡೆವಾಡಿಯಿಂದಲೋ ಆಳಂದಿ ರಸ್ತೆಯಿಂದಲೋ ಅಲ್ಲಿಗೆ ತಲುಪಲು ಮೊದಲು ಬಸ್ಸು ಅಥವಾ ಶೇರ್ ರಿಕ್ಷಾ ಹಿಡಿಯಬೇಕು. ಪಕ್ಕದ ಪಿಂಪರಿಯಲ್ಲೇ ರಯತ ಶಿಕ್ಷಣ ಸಂಸ್ಥೆಯ ಮಹಾತ್ಮ ಫುಲೆ ಮಹಾವಿದ್ಯಾಲಯವಿದೆ ಎಂಬುದು ಅನೇಕರ ಪಟ್ಟಿಯಲ್ಲಿ ಬರುವುದೇ ಇಲ್ಲ.

ಹೆಸರುವಾಸಿ ಕಾಲೇಜಿನ ಪಟ್ಟಿಯ ಬಗ್ಗೆ ಇನ್ನೊಂದು ಸತ್ಯವೂ ಇದೆ. ವಿಜ್ಞಾನ ಶಾಖೆಗೆ ಸೇರಿದ ಮಕ್ಕಳಲ್ಲಿ ಹಲವರು ಕಾಲೇಜಿಗೆ ಹೆಸರು ಮಾತ್ರ ಕೊಟ್ಟು ದಿನವಿಡೀ ಖಾಸಗಿ ತರಬೇತಿ ವರ್ಗಗಳಲ್ಲಿ ಕುಳಿತಿರುತ್ತಾರೆ. ಈ ಒಳಒಪ್ಪಂದ ಎಷ್ಟು ಹಬ್ಬಿತ್ತೆಂದರೆ, 2018ರಲ್ಲಿ ರಾಜ್ಯ ಸರ್ಕಾರ ಪುಣೆ, ಮುಂಬಯಿ ಮೊದಲಾದ ವಿಭಾಗಗಳ ವಿಜ್ಞಾನ ಜೂನಿಯರ್ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಿಯನ್ನು ಕಡ್ಡಾಯ ಮಾಡಬೇಕಾಯಿತು. ಹಾಜರಾಗದ ಕಾಲೇಜಿನ ಹೆಸರಿಗಾಗಿ ಹತ್ತು ವರ್ಷದ ಮಗುವಿನ ನಿದ್ದೆಯನ್ನು ಕೆಡಿಸುವುದು ಎಷ್ಟು ಸರಿ ಎಂಬುದನ್ನು ಪಾಲಕರೇ ವಿಚಾರಿಸಬೇಕು.

ಹಾಗಾದರೆ ಐದರಿಂದ ಎಂಟರವರೆಗಿನ ಶಾಲೆಗೆ ಬೆಲೆಯಿಲ್ಲವೇ? ಇದೆ, ಆ ಬೆಲೆ ಪಾಲಕರು ಹುಡುಕುವ ಜಾಗದಲ್ಲಿಲ್ಲ. ಈ ನಾಲ್ಕು ವರ್ಷಗಳಲ್ಲಿ ಮಗು ಎರಡು ಕೆಲಸ ಮಾಡಬೇಕು. ಓದಿದ ಪುಟದ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಲು ಕಲಿಯಬೇಕು. ಭಿನ್ನರಾಶಿ, ದಶಮಾಂಶ, ಶೇಕಡಾ, ಅನುಪಾತಗಳನ್ನು ಕೈಬೆರಳಿನಷ್ಟು ಪರಿಚಿತ ಮಾಡಿಕೊಳ್ಳಬೇಕು. ಒಂಬತ್ತನೆಯ ಇಯತ್ತೆಯ ಬೀಜಗಣಿತದಲ್ಲಿ ಎಡವುವ ಮಕ್ಕಳಲ್ಲಿ ಹೆಚ್ಚಿನವರು ನಿಜವಾಗಿ ಎಡವಿರುವುದು ಆರನೆಯ ಇಯತ್ತೆಯ ಭಿನ್ನರಾಶಿಯಲ್ಲಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯರು ಭಿನ್ನರಾಶಿಗಳಿಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟಿದ್ದರು. ಆ ಪರಂಪರೆಯ ಹೆಸರು ಹೇಳುವವರ ಮಕ್ಕಳು ಮುಕ್ಕಾಲಿಗೆ ಅರ್ಧ ಕೂಡಿಸಲು ತಡವರಿಸಬಾರದು. ಶಾಲೆ ನೋಡಲು ಹೋದ ಪಾಲಕರು ಕಟ್ಟಡದ ಬಣ್ಣವನ್ನು ಬಿಟ್ಟು, ಆರನೆಯ ಇಯತ್ತೆಯ ಮಗುವೊಂದರ ಗಣಿತದ ವಹಿಯನ್ನು ತೆರೆದು, ಶಿಕ್ಷಕರು ತಪ್ಪುಗಳನ್ನು ತಿದ್ದಿದ್ದಾರೆಯೇ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಹಣದ ಲೆಕ್ಕ. ಉದಾಹರಣೆಗೆ ಒಂದು ಖಾಸಗಿ ಶಾಲೆಯ ಐದನೆಯ ಇಯತ್ತೆಯ ಶುಲ್ಕ ವರ್ಷಕ್ಕೆ 40,000 ರೂಪಾಯಿ ಎಂದಿಟ್ಟುಕೊಂಡರೆ, ಪ್ರತಿವರ್ಷ ಶೇಕಡಾ 10ರಂತೆ ಏರುತ್ತ ಹತ್ತನೆಯ ಇಯತ್ತೆಗೆ ಅದು 64,420 ಆಗುತ್ತದೆ. ಆರು ವರ್ಷಗಳ ಮೊತ್ತ 3,08,624 ರೂಪಾಯಿ. ಬಸ್ಸು, ಸಮವಸ್ತ್ರ, ಪುಸ್ತಕ, ಸಹಲುಗಳು ಬೇರೆ. ಅನೇಕ ಪಾಲಕರು ಮೊದಲ ವರ್ಷದ ಶುಲ್ಕವನ್ನು ಮಾತ್ರ ನೋಡಿ ಹೌದೆನ್ನುತ್ತಾರೆ. ಎಂಟನೆಯ ಇಯತ್ತೆಗೆ ಬರುವಾಗ ಕೈ ಸೋತು ಶಾಲೆ ಬದಲಿಸುತ್ತಾರೆ. ಮಗುವಿಗೆ ಅತ್ಯಂತ ಹಾನಿಯಾಗುವುದು ಇಂಥ ನಡುದಾರಿಯ ಬದಲಾವಣೆಯಿಂದ. ಆರು ವರ್ಷದ ಮೊತ್ತ ಹೊರಲಾಗದಿದ್ದರೆ ಮೊದಲ ವರ್ಷವನ್ನು ಹೊರಬಾರದು.

ತೆರಿಗೆಯ ಮಾತೂ ಇಲ್ಲಿ ಬರುತ್ತದೆ. ಎರಡು ಮಕ್ಕಳ ಬೋಧನಾ ಶುಲ್ಕಕ್ಕೆ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು, ಅದೂ 1.5 ಲಕ್ಷದ ಒಟ್ಟು ಮಿತಿಯೊಳಗೆ. ಹೊಸ ಪದ್ಧತಿಯಲ್ಲಿ ಅದಿಲ್ಲ. 'ಕಟ್ಟಡ ನಿಧಿ' ಎಂದು ಕೊಡುವ ಹಣಕ್ಕೆ ಆ ವಿನಾಯಿತಿ ಯಾವಾಗಲೂ ಇರಲಿಲ್ಲ. ಪ್ರವೇಶಕ್ಕೆ ಬದಲಾಗಿ ದೇಣಿಗೆ ಕೇಳುವುದನ್ನು ಮಹಾರಾಷ್ಟ್ರದ 1987ರ ಕಾಯ್ದೆ ನಿಷೇಧಿಸಿದೆ. ರಸೀದಿ ಕೊಡದ ಹಣವನ್ನು ಕೇಳುವ ಶಾಲೆ ಮಗುವಿಗೆ ಮೊದಲ ಪಾಠವನ್ನೇ ತಪ್ಪು ಕಲಿಸುತ್ತದೆ.

ಅನುದಾನಿತ ಶಾಲೆಯಲ್ಲಿ ಸ್ಥಿತಿ ಬೇರೆ. ಎಂಟನೆಯವರೆಗೆ ಬೋಧನಾ ಶುಲ್ಕವಿಲ್ಲ. ಹೆಣ್ಣುಮಕ್ಕಳಿಗೆ ಹನ್ನೆರಡನೆಯವರೆಗೂ ವಿನಾಯಿತಿಯಿದೆ. ಇದರ ಜೊತೆಗೆ ಪಾಲಕರು ಎಣಿಸದೇ ಬಿಡುವ ಒಂದು ಲಾಭವಿದೆ. ಎಂಟನೆಯ ಇಯತ್ತೆಯಲ್ಲಿ ನಡೆಯುವ ಎನ್ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಶಿಷ್ಯವೃತ್ತಿ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಸರ್ಕಾರಿ, ಸ್ಥಳೀಯ ಸಂಸ್ಥೆಯ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಈ ಅವಕಾಶ. ಅದೇ ಆದಾಯದ ತಂದೆ ಸಾಲ ಮಾಡಿ ಮಗುವನ್ನು ಖಾಸಗಿ ಶಾಲೆಗೆ ಹಾಕಿದರೆ ಆ ಬಾಗಿಲನ್ನು ಐದನೆಯ ಇಯತ್ತೆಯಲ್ಲೇ ಮುಚ್ಚಿದಂತೆ.

ನವೋದಯದ ಲೆಕ್ಕವನ್ನೂ ಸ್ಪಷ್ಟ ಮಾಡಿಕೊಳ್ಳಬೇಕು. ಪುಣೆ ಜಿಲ್ಲೆಯ ವಿದ್ಯಾಲಯ ಶಿರೂರು ತಾಲ್ಲೂಕಿನ ಪಿಂಪಳೆ ಜಗತಾಪದಲ್ಲಿದೆ. ಪ್ರವೇಶ ಆರನೆಯ ಇಯತ್ತೆಗೆ, ಸ್ಥಾನಗಳು ಹೆಚ್ಚೆಂದರೆ 80. ಅವುಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರು, ನಾಲ್ಕು, ಐದನೆಯ ಇಯತ್ತೆಗಳನ್ನು ಗ್ರಾಮೀಣ ಶಾಲೆಯಲ್ಲಿ ಓದಿದವರೇ ಆ ಎಣಿಕೆಗೆ ಬರುತ್ತಾರೆ. ಪಾಲಿಕೆಯ ಗಡಿಯೊಳಗಿನ ಭೋಸರಿಯ ಮಗು ಉಳಿದ ಕೆಲವೇ ಸ್ಥಾನಗಳಿಗೆ ಸ್ಪರ್ಧಿಸುತ್ತದೆ. ಪರೀಕ್ಷೆಗೆ ಕೂರಿಸಬೇಕು, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಬೇರೆ ವ್ಯವಸ್ಥೆ ಮಾಡದಿರುವುದು ಸರಿಯಲ್ಲ; ಸಿಗದಿದ್ದಾಗ ಮಗುವನ್ನು ಸೋತವಳೆಂದು ಕರೆಯುವುದಂತೂ ಅನ್ಯಾಯ.

ಶೇಕಡಾ 25ರ ಉಚಿತ ಪ್ರವೇಶದಲ್ಲಿ ಖಾಸಗಿ ಶಾಲೆ ಸೇರಿದ ಮಕ್ಕಳ ಪಾಲಕರು ಇನ್ನೊಂದು ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಬೇಕು. ಕಾಯ್ದೆಯ ರಕ್ಷಣೆ ಎಂಟನೆಯ ಇಯತ್ತೆಗೆ ಮುಗಿಯುತ್ತದೆ. ಒಂಬತ್ತರ ಮೊದಲ ದಿನ ಪೂರ್ಣ ಶುಲ್ಕದ ಚೀಟಿ ಮನೆಗೆ ಬರುತ್ತದೆ. ವರ್ಷಕ್ಕೆ 1 ಲಕ್ಷದೊಳಗಿನ ಆದಾಯ ತೋರಿಸಿ ಪ್ರವೇಶ ಪಡೆದ ಮನೆಗೆ ಆ ಚೀಟಿ ಏನು ಹೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇಂಥ ಮನೆಗಳಿಗೆ ಮೊದಲು ಅಲ್ಪಸಂಖ್ಯಾತರ ಕೇಂದ್ರ ಶಿಷ್ಯವೃತ್ತಿಯಿಂದ ಸ್ವಲ್ಪ ನೆರವಾಗುತ್ತಿತ್ತು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಅದನ್ನು ನಿಲ್ಲಿಸಿ, ಒಂಬತ್ತು ಮತ್ತು ಹತ್ತಕ್ಕೆ ಮಾತ್ರ ಉಳಿಸಿತು. ಎಂಟರವರೆಗೆ ಶಿಕ್ಷಣ ಹೇಗೂ ಉಚಿತವಲ್ಲವೇ ಎಂಬುದು ಕೊಟ್ಟ ಕಾರಣ. ಬೋಧನೆ ಉಚಿತವಾದ ಮಾತ್ರಕ್ಕೆ ವಹಿ, ಬೂಟು, ಬಸ್ಸು ಉಚಿತವಾಗುವುದಿಲ್ಲ ಎಂಬುದನ್ನು ದಿಲ್ಲಿಗೆ ತಿಳಿಸುವ ಕೆಲಸವನ್ನು ಸಮಾಜದ ಮುಖಂಡರು ಮಾಡಲಿಲ್ಲ. ಆ ಶಿಷ್ಯವೃತ್ತಿ ಬಡವರದು. ಮುಖಂಡರ ಮನೆಗಳಲ್ಲಿ ಅದರ ಸುದ್ದಿ ಇರಲಿಲ್ಲ.

ಇಲ್ಲಿಂದ ಮಾತು ಸಮಾಜದ ಕಡೆಗೆ ಹೊರಳಬೇಕಾಗಿದೆ.

2014ರ ಜನವರಿ 27ರಂದು ಜೈನರು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿತರಾದರು. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೂ ಹೌದು. ಹೀಗೆ ಭೋಸರಿಯ ಕನ್ನಡ ಜೈನ ಮಗುವಿಗೆ ಸಂವಿಧಾನದ 30ನೆಯ ವಿಧಿಯ ನೆರಳು ಎರಡು ಕಡೆಯಿಂದ ಬೀಳುತ್ತದೆ. ಹನ್ನೊಂದನೆಯ ಪ್ರವೇಶದಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಶೇಕಡಾ 50 ಸ್ಥಾನಗಳು ಆಯಾ ಸಮುದಾಯಕ್ಕೆ ಮೀಸಲು. ಯಾವುದೇ ಸಂಸ್ಥೆಯಲ್ಲಿ ಶೇಕಡಾ 10 ತನ್ನದೇ ಶಾಲೆಯ ಮಕ್ಕಳಿಗೆ, ಶೇಕಡಾ 5 ಆಡಳಿತ ಮಂಡಳಿಗೆ. ತುಂಬದ ಮೀಸಲು ಸ್ಥಾನಗಳು ಸಾಮಾನ್ಯ ಪಟ್ಟಿಗೆ ಮರಳುತ್ತವೆ. ತಮ್ಮ ಮಗುವಿಗೆ ಇಂಥದೊಂದು ಕೋಟಾ ಇದೆ, ಅದಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು ಎಂಬುದನ್ನು ಎಂಐಡಿಸಿಯ ಪಾಳಿಯಲ್ಲಿ ದುಡಿಯುವ ತಂದೆಗೆ ಹೇಳುವವರು ಯಾರು? ತಿಳಿದವರ ಮಕ್ಕಳು ಒಳಗೆ ಹೋಗುತ್ತಾರೆ. ತಿಳಿಯದವರ ಮಕ್ಕಳು ಶೇಕಡಾ ಎರಡರ ಕೊರತೆಗಾಗಿ ಅಳುತ್ತಾರೆ.

ಇದಕ್ಕಿಂತ ಕಹಿಯಾದ ಪ್ರಶ್ನೆಯೊಂದಿದೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಪ್ರಮತಿ ಪ್ರಕರಣದಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಬಡಮಕ್ಕಳಿಗೆ ಶೇಕಡಾ 25 ಸ್ಥಾನ ಕೊಡುವ ಹೊಣೆಯಿಂದ ಅವು ಮುಕ್ತವಾದವು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಿತು. ನ್ಯಾಯಾಲಯ ಮುಂದೆ ಏನೇ ಹೇಳಲಿ, ಸಮಾಜ ತನ್ನ ಮನಸ್ಸಾಕ್ಷಿಗೆ ಈಗಲೇ ಉತ್ತರ ಕೊಡಬೇಕಾಗಿದೆ. ಜೈನ ಟ್ರಸ್ಟಿನ ಶಾಲೆಯೊಂದು ಕಾಯ್ದೆಯ ಬಲದಿಂದಲೂ ಬಡಮಗುವನ್ನು ಸೇರಿಸಿಕೊಳ್ಳಲಿಲ್ಲ, ಕರುಣೆಯ ಬಲದಿಂದಲೂ ಸೇರಿಸಿಕೊಳ್ಳಲಿಲ್ಲ ಎಂದಾದರೆ, ಅಲ್ಪಸಂಖ್ಯಾತವೆಂಬ ಫಲಕ ಯಾರ ರಕ್ಷಣೆಗಾಗಿ? ದೇಶದ ಧಾರ್ಮಿಕ ಸಮುದಾಯಗಳಲ್ಲಿ ಸಾಕ್ಷರತೆಯಲ್ಲಿ ಜೈನರೇ ಮೊದಲಿಗರೆಂದು ಜನಗಣತಿ ಹೇಳುತ್ತದೆ. ಆ ಸರಾಸರಿಯ ಹೊದಿಕೆಯಡಿಯಲ್ಲಿ ಸಮಾಜದ ಕೂಲಿಕಾರರು, ಸಣ್ಣ ರೈತರು, ಕಾರ್ಖಾನೆಯ ಕೈಗಳು ಕಾಣದಂತಾಗಿದ್ದಾರೆ.

ಹಿಂದಿನವರು ಹೀಗಿರಲಿಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯವರು ಗಡಿಯ ಎರಡೂ ಕಡೆಯ ಪಟ್ಟಣಗಳಲ್ಲಿ ಬೋರ್ಡಿಂಗುಗಳನ್ನು ಕಟ್ಟಿದರು. ಹಳ್ಳಿಯ ಹುಡುಗ ಊಟ ವಸತಿಯ ಚಿಂತೆಯಿಲ್ಲದೆ ಹೈಸ್ಕೂಲು ಮುಗಿಸಬೇಕೆಂಬುದೇ ಅವುಗಳ ಉದ್ದೇಶ. ಕೊಲ್ಹಾಪುರದ ಅಂಥ ಬೋರ್ಡಿಂಗಿನಲ್ಲಿದ್ದ ಭಾವುರಾವ್ ಪಾಟೀಲರು ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದು, ಸ್ನಾನ ಮಾಡಲು ಒಪ್ಪದೆ, ಅಲ್ಲಿಂದ ಹೊರಬೀಳಬೇಕಾಯಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಸ್ವತಃ ಪದವಿ ಪಡೆಯದ ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿದು ಕಲಿಯುವ ದಾರಿ ತೋರಿಸಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಪಿಂಪರಿಯ ಆ ಕಾಲೇಜು ಅವರ ಸಂಸ್ಥೆಯದೇ. ಸಮಾಜದ ಬೋರ್ಡಿಂಗು ಹೊರಹಾಕಿದವನೇ ಸಮಾಜದ ಹೆಸರನ್ನು ಉಳಿಸಿದ ಎಂಬುದು ಮರೆಯಬಾರದ ಪಾಠ.

ಪುಣೆಯ ಮಾಡೆಲ್ ಕಾಲೊನಿಯ ಸೇಠ್ ಹಿರಾಚಂದ ನೇಮಚಂದ ದಿಗಂಬರ ಜೈನ ಬೋರ್ಡಿಂಗಿನ ಜಾಗದ ಮಾರಾಟದ ವಿಷಯ 2025ರಲ್ಲಿ ಎದ್ದಾಗ ಸಮಾಜ ಬೀದಿಗಿಳಿಯಿತು. ಮುನಿಗಳು ಮಾತನಾಡಿದರು, ಮಹಿಳೆಯರು ಮೆರವಣಿಗೆಯಲ್ಲಿ ನಡೆದರು. ಕೊನೆಗೆ ಆ ವ್ಯವಹಾರ ರದ್ದಾಯಿತು. ಸಾರ್ವಜನಿಕ ಟ್ರಸ್ಟಿನ ಸ್ಥಿರಾಸ್ತಿಯನ್ನು ಧರ್ಮಾದಾಯ ಆಯುಕ್ತರ ಅನುಮತಿಯಿಲ್ಲದೆ ಮಾರುವಂತಿಲ್ಲ, ಲೆಕ್ಕಪತ್ರಗಳನ್ನು ಪ್ರತಿವರ್ಷ ತಪಾಸಣೆಗೆ ಒಳಪಡಿಸಬೇಕು ಎಂದು 1950ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಬೆಲೆ ಜನರಿಗೆ ಅಂದು ತಿಳಿಯಿತು. ಜಾಗ ಉಳಿಯಿತು, ಸಂತೋಷ. ಆದರೆ ಜಾಗ ಉಳಿಸಿದ್ದು ಮಕ್ಕಳಿಗಾಗಿ. ಹಾಗಿರುವಾಗ ಪ್ರತಿಯೊಂದು ಬೋರ್ಡಿಂಗಿನ ಬಗ್ಗೆಯೂ ಮುಂದಿನ ಪ್ರಶ್ನೆ ಕೇಳಬೇಕು. ಎಷ್ಟು ಹಾಸಿಗೆಗಳಿವೆ? ಎಷ್ಟು ತುಂಬಿವೆ? ಹೆಣ್ಣುಮಕ್ಕಳಿಗೆ ಎಷ್ಟು? ಭೋಸರಿ, ಚಾಕಣ, ಹಡಪಸರದ ಕಾರ್ಮಿಕರ ಮಕ್ಕಳು ಎಷ್ಟು ಜನ?

ಬಸದಿಗಳಲ್ಲಿ ಕಲಶಾಭಿಷೇಕದ ಸವಾಲು ಕೂಗುವಾಗ ಕೆಲವೇ ನಿಮಿಷಗಳಲ್ಲಿ ಏರುವ ಮೊತ್ತವನ್ನು ಎಲ್ಲರೂ ಕಂಡಿದ್ದಾರೆ. ಭಕ್ತಿಗೆ ಅಡ್ಡಿ ಹೇಳುವುದು ಇಲ್ಲಿಯ ಉದ್ದೇಶವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಒಂಬತ್ತನೆಯ ಇಯತ್ತೆಯ ಹೊಸ್ತಿಲಲ್ಲಿ ಶುಲ್ಕದ ಚೀಟಿ ಹಿಡಿದು ನಿಂತ ಮಗುವಿಗೆ ಕೊಡುವ ನೆರವಿನಲ್ಲಿ ಶಾಸ್ತ್ರದಾನವೂ ಇದೆ, ಅಭಯದಾನವೂ ಇದೆ. ಸವಾಲಿನ ಹಣದ ಹತ್ತನೆಯ ಒಂದು ಪಾಲನ್ನು ಇಂಥ ಮಕ್ಕಳಿಗಾಗಿ ತೆಗೆದಿಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ಪಂಚರ ಒಂದು ಠರಾವು ಸಾಕು.

ಮಾಡಬೇಕಾದ ಇತರ ಕೆಲಸಗಳೂ ದೊಡ್ಡವಲ್ಲ. ಹನ್ನೊಂದನೆಯ ಅರ್ಜಿ ತುಂಬುವ ದಿನಗಳಲ್ಲಿ ಬಸದಿಯ ಸಭಾಗೃಹದಲ್ಲಿ ಎರಡು ಗಣಕಯಂತ್ರ, ತಿಳಿದ ಇಬ್ಬರು ಯುವಕರು. ಎಂಟನೆಯ ಇಯತ್ತೆಯ ಮಕ್ಕಳಿಗೆ ಎನ್ಎಂಎಂಎಸ್ ಪರೀಕ್ಷೆಯ ಭಾನುವಾರದ ಪಾಠ. ಅಲ್ಪಸಂಖ್ಯಾತ ಶಾಲೆ ಕಾಲೇಜು ನಡೆಸುವ ಪ್ರತಿ ಟ್ರಸ್ಟು ತನ್ನ ವಾರ್ಷಿಕ ವರದಿಯಲ್ಲಿ ನಾಲ್ಕು ಸಂಖ್ಯೆಗಳನ್ನು ಪ್ರಕಟಿಸುವುದು: ಮೀಸಲು ಸ್ಥಾನಗಳು, ಸಮಾಜದ ಮಕ್ಕಳಿಗೆ ಹೋದವು, ಖಾಲಿಯಾಗಿ ಮರಳಿಸಿದವು, ಶುಲ್ಕ ಮನ್ನಾ ಮಾಡಿದ ಮಕ್ಕಳು. ಲೆಕ್ಕ ತೋರಿಸುವ ಸಂಸ್ಥೆಗೆ ದಾನ ಕಡಿಮೆಯಾದದ್ದು ಎಲ್ಲೂ ಇಲ್ಲ.

ಕನ್ನಡದ ಮಾತನ್ನೂ ಹೇಳದೆ ಮುಗಿಸಲಾಗದು. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮ ಸತ್ತಿಲ್ಲ. ಪುಣೆಯ ಸೇನಾಪತಿ ಬಾಪಟ ರಸ್ತೆಯ ಬಾಲಭಾರತಿ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ; ಅವುಗಳಲ್ಲಿ ಕನ್ನಡ ಒಂದು. ಜತ್ತ, ಅಕ್ಕಲಕೋಟೆಯ ಜಿಲ್ಲಾ ಪರಿಷತ್ ಶಾಲೆಗಳ ಮಕ್ಕಳು ಅವನ್ನೇ ಓದುತ್ತಾರೆ. ಹತ್ತನೆಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಹೀಗಿದ್ದರೂ ಕನ್ನಡಕ್ಕಾಗಿ ಹತ್ತು ವರ್ಷದ ಮಗುವನ್ನು ತಾಯಿಯಿಂದ ಅಗಲಿಸಿ ಊರಿಗೆ ಕಳಿಸುವುದು ಸರಿಯಾದ ದಾರಿಯಲ್ಲ. ಭೋಸರಿಯಲ್ಲಿ ಬೆಳೆಯುವ ಮಗುವಿಗೆ ಮರಾಠಿ ಅನ್ನದ ಭಾಷೆ, ಗೆಳೆತನದ ಭಾಷೆ. ಅದನ್ನು ಚೆನ್ನಾಗಿ ಕಲಿಯಲಿ. ಬಾಲಭಾರತಿಯ ಕನ್ನಡ ಪುಸ್ತಕವನ್ನು ಮನೆಗೆ ತಂದು ರಾತ್ರಿ ಊಟವಾದ ಮೇಲೆ ಒಂದು ಪುಟ ಓದಿಸುವುದು ತಂದೆ ತಾಯಿಯ ಕೆಲಸ. ಪಂಪ ರನ್ನರ ಹೆಸರನ್ನು ಸಭೆಗಳಲ್ಲಿ ಎತ್ತುವ ಸಮಾಜದ ಮಕ್ಕಳಿಗೆ ಊರಿನ ಬಸ್ಸಿನ ಫಲಕವನ್ನಾದರೂ ಓದಲು ಬರಬೇಕು.

ಈಗ ಆ ಮನೆಗೆ ಮರಳಬೇಕು. ಐದು ದಾರಿಗಳನ್ನು ಅಳೆದರೆ, ಆ ತಂದೆಯ ಆದಾಯಕ್ಕೆ, ಆ ಮಗಳ ಭಾಷೆಗೆ, ಆ ಮನೆಯ ದೂರಕ್ಕೆ ಒಪ್ಪುವುದು ಎರಡನೆಯದು: ನಡೆದು ಹೋಗುವಷ್ಟು ಹತ್ತಿರದ ಅನುದಾನಿತ ಹೈಸ್ಕೂಲು, ಸೆಮಿ-ಇಂಗ್ಲಿಷ್ ವರ್ಗ. ಸೇರಿಸುವ ಮೊದಲು ಶಾಲೆಯ ಮಾನ್ಯತೆಯನ್ನೂ ಯು-ಡೈಸ್ ಸಂಖ್ಯೆಯನ್ನೂ ನೋಡಬೇಕು. ಗಣಿತ ಶಿಕ್ಷಕರನ್ನು ಭೇಟಿಯಾಗಬೇಕು. ಬೇರೆ ಮನೆಗೆ ಬೇರೆ ದಾರಿ ಒಪ್ಪೀತು. ಅಳತೆಗೋಲು ಮಾತ್ರ ಇದೇ.

ಹಾಗಾದರೆ ಅಜ್ಜಿ ಹೇಳಿದ್ದೂ ಹತ್ತಿರದ ಶಾಲೆಯನ್ನೇ ಅಲ್ಲವೇ ಎಂದು ಕೇಳಬಹುದು. ಹೌದು, ಶಾಲೆ ಅದೇ. ಕಾರಣ ಬೇರೆ. ಹೆಣ್ಣೆಂದು ಹತ್ತಿರದ ಶಾಲೆಗೆ ಹಾಕಿದರೆ ಉಳಿದ ಹಣ ತಮ್ಮನ ಕಡೆಗೆ ಹರಿಯುತ್ತದೆ. ಅವಳ ಕಲಿಕೆಗೆ ಒಪ್ಪುತ್ತದೆಂದು ಹಾಕಿದರೆ ಆ ಹಣ ಅವಳ ಹೆಸರಿನಲ್ಲಿ ಉಳಿಯಬೇಕು. ಸುಕನ್ಯಾ ಸಮೃದ್ಧಿ ಖಾತೆಯನ್ನು ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ 1.5 ಲಕ್ಷದವರೆಗೆ ಕಟ್ಟಬಹುದು. ಅವಳು ಹತ್ತನೆಯ ಇಯತ್ತೆ ಪಾಸಾದ ಮೇಲೆ ಶಿಕ್ಷಣಕ್ಕಾಗಿ ಅರ್ಧದವರೆಗೆ ಹಿಂಪಡೆಯಲು ನಿಯಮವಿದೆ. ಆ ಮನೆಯ ಮಗಳಿಗೆ ಇನ್ನೆರಡು ತಿಂಗಳಿದೆ. ತಮ್ಮನ ಸರದಿ ಬಂದಾಗ ಅವನಿಗೂ ಇದೇ ಅಳತೆಗೋಲನ್ನು ಹಿಡಿಯಬೇಕು. ಅಕ್ಕನಿಗೆ ಒಪ್ಪಿದ ಶಾಲೆ ತಮ್ಮನಿಗೆ ಕಡಿಮೆಯೆನಿಸಿದರೆ, ತಪ್ಪು ಶಾಲೆಯಲ್ಲಿಲ್ಲ, ತಕ್ಕಡಿಯಲ್ಲಿದೆ.

ಆ ತಂದೆ ಫೋನಿನಲ್ಲಿ ಮೌನವಾಗಿದ್ದರು. ಆ ಮೌನವನ್ನು ಮುರಿಯಲು ಅವರಿಗೆ ಬೇಕಾದದ್ದು ದೊಡ್ಡ ಮಾತಲ್ಲ. "ಆಯಿತವ್ವಾ, ಹತ್ತಿರದ ಸಾಲಿಗೇ ಹಾಕತೀನಿ. ರೊಕ್ಕ ಮಾತ್ರ ಆಕಿ ಹೆಸರಿನ್ಯಾಗ ಇಡತೀನಿ" ಎಂದರೆ ಸಾಕು. ಇಲ್ಲಿ ಕುಳಿತಿರುವ ಪ್ರತಿ ಪಾಲಕರೂ ಈ ವಾರ ಒಂದು ಹಾಳೆಯ ಮೇಲೆ ಆರು ವರ್ಷದ ಲೆಕ್ಕವನ್ನು ಬರೆಯಲಿ. ಮೇಲೆ ಮಗುವಿನ ಹೆಸರನ್ನು ಬರೆಯಲಿ. ಪ್ರತಿ ಪಂಚರೂ ತಮ್ಮ ಬಸದಿಯ ಲೆಕ್ಕದಲ್ಲಿ ಅಂಥದೇ ಒಂದು ಹಾಳೆಗೆ ಜಾಗ ಮಾಡಲಿ.